ನಡುಮನೆಯ ಬಲ್ಬು ಮಹಾಶಯರಿಗೆ, ಭರಣಿ ಮಳೆಯ ಸಂಜೆಯ ವಿಷಯವಾಗಿ

ನಂಜನಗೂಡು,
ಕ್ರೋಧನ ಸಂವತ್ಸರದ ವೈಶಾಖ ಬಹುಳ ಪಂಚಮಿ, ಬೆಳಿಗ್ಗೆ.

ನಮ್ಮ ನಡುಮನೆಯ ತೊಲೆಯಿಂದ ಒಂದೂವರೆ ಮೊಳದ ತಂತಿಯಲ್ಲಿ ಇಳಿಬಿದ್ದು, ಗಾಜಿನ ಕವಚವನ್ನೂ ತಗಡಿನ ಛತ್ರಿಯನ್ನೂ ಧರಿಸಿ, ಸೀಮೆಎಣ್ಣೆಯ ವಾಸನೆಯನ್ನೇ ಅರಿಯದ ಘನವಂಶದಲ್ಲಿ ಜನಿಸಿ, ಕಳೆದ ಕಾರ್ತಿಕದಿಂದ ನಮ್ಮ ಮೇಲೆ ಕೃಪೆಯಿಟ್ಟು ಇಲ್ಲಿ ಬಿಜಯಂಗೈದಿರುವ ವಿದ್ಯುದ್ದೀಪ ಮಹಾಶಯರ ಸನ್ನಿಧಾನಕ್ಕೆ, ಇದೇ ಮನೆಯ ಒಲೆಯ ಮುಂದೆ ಮೂವತ್ತೊಂದು ವರ್ಷಗಳಿಂದ ಕುಳಿತಿರುವ ಜಾನಕಮ್ಮ ಮಾಡುವ ಅನಂತ ನಮಸ್ಕಾರಗಳು. ಇತ್ತ ನಾವೆಲ್ಲರೂ ಕ್ಷೇಮ. ತಮ್ಮ ಕ್ಷೇಮದ ಬಗ್ಗೆ ಮಾತ್ರ, ಆಕಾಶದಲ್ಲಿ ಅಂಗೈಯಗಲ ಮೋಡ ಕಂಡಾಗಲೆಲ್ಲ ನಮಗೆ ಕಳವಳವಾಗುವುದರಿಂದ ಈ ಪತ್ರ.

ಮಾನ್ಯರೇ,

ಹೆಂಗಸಾದ ನಾನು ತಮಗೆ ನೇರವಾಗಿ ಕಾಗದ ಬರೆಯುವುದು ಅಧಿಕಪ್ರಸಂಗವೆಂದು ಬಲ್ಲೆ. ಕಾಗದಪತ್ರದ ವ್ಯವಹಾರವೆಲ್ಲ ನಮ್ಮ ಮನೆಯವರದು. ಅವರು ಶಿರಸ್ತೇದಾರರಾಗಿದ್ದು ಪಿಂಚಣಿ ಪಡೆದವರು. ಇಂದಿಗೂ ಸಾರಿಗೆ ಉಪ್ಪು ಕಡಿಮೆಯಾದರೆ ‘ಈ ಬಗ್ಗೆ ಸೂಕ್ತ ಕ್ರಮ ಜರುಗಿಸತಕ್ಕದ್ದು’ ಎಂದು ಹೇಳಿ ಮಜ್ಜಿಗೆಗೆ ಕೈ ನೀಡುವವರು. ಅವರ ಹೆಸರನ್ನು ನಾನು ಬಾಯಲ್ಲಿ ಹೇಳುವ ಪದ್ಧತಿಯಿಲ್ಲ, ಬರೆದರೆ ಹೇಳಿದಂತೆಯೇ ಆಗುತ್ತದೆ. ಬೇಕಿದ್ದವರು ಬೀದಿ ಬಾಗಿಲ ಹಲಗೆಯ ಮೇಲೆ ನೋಡಿಕೊಳ್ಳಬಹುದು. ಆದರೆ ತಮ್ಮ ಮೇಲಿನ ದೂರನ್ನು ಅವರ ಕೈಯಲ್ಲಿ ಬರೆಸುವುದೆಂದರೆ ಪೂಜಾರಿಯ ಕೈಯಲ್ಲಿ ದೇವರ ಮೇಲೆ ಫಿರ್ಯಾದು ಬರೆಸಿದಂತೆ. ಅದರಿಂದ ಹೆಣ್ಣುಮಕ್ಕಳ ಶಾಲೆಯಲ್ಲಿ ನಾಲ್ಕನೆಯ ತರಗತಿಯವರೆಗೆ ಕಲಿತ ಅಕ್ಷರಗಳ ಧೂಳು ಕೊಡವಿ ನಾನೇ ಕುಳಿತಿದ್ದೇನೆ. ಲಕೋಟೆ ಒಡೆಯಲು ತಮಗೆ ಕೈಗಳಿಲ್ಲವಾದ್ದರಿಂದ ಇದನ್ನು ಬಹಿರಂಗವಾಗಿಯೇ ಬರೆದು, ಇಂದಿನ ಗಡಿಬಿಡಿಯೆಲ್ಲ ಮುಗಿದ ಮೇಲೆ ತಮ್ಮ ಎದುರಿನ ಕಂಬಕ್ಕೆ ಅಂಟಿಸುತ್ತೇನೆ; ತಾವು ಉರಿಯುತ್ತಿದ್ದರೆ ತಾವೂ ಓದಬಹುದು, ಬಂದುಹೋಗುವವರೂ ಓದಬಹುದು.

ದೂರನ್ನು ತಂತಿ ಎಳೆದವರಿಗೆ ಕೊಡಬೇಕೆಂದು ಒಬ್ಬಿಬ್ಬರು ಬುದ್ಧಿ ಹೇಳಿದರು. ನನಗದು ನ್ಯಾಯವೆನ್ನಿಸಲಿಲ್ಲ. ಗಾಳಿ ಬಂದು ಹೊಳೆದಂಡೆಯ ಹುಣಸೆಮರ ಕೊಂಬೆ ಚೆಲ್ಲಿದರೆ, ತೆಂಗಿನ ಗರಿ ತಂತಿಯ ಮೇಲೆ ಬಿದ್ದರೆ, ಪಾಪ ಅವರು ಮಳೆಯಲ್ಲಿ ನೆನೆದುಕೊಂಡು ಏಣಿ ಹೊತ್ತು ಬರುತ್ತಾರೆ. ಗಾಳಿಗೆ ಕಾಗದ ಬರೆಯೋಣವೆಂದರೆ ಅದು ಒಂದು ಊರಿನಲ್ಲಿ ನಿಲ್ಲುವುದಿಲ್ಲ. ಉಳಿದವರು ತಾವೊಬ್ಬರೇ.

ಮೊದಲಿಗೆ ತಮ್ಮ ಆಗಮನದ ಸಂಭ್ರಮವನ್ನು ನೆನೆಯದಿದ್ದರೆ ಕೃತಘ್ನತೆಯಾದೀತು. ತಮಗಾಗಿ ನಡುಮನೆಗೆ ಸುಣ್ಣ ಬಳಿಸಿದ್ದಾಯಿತು. ತಮ್ಮ ತಂತಿಗೆ ಮಾವಿನೆಲೆ ಕಟ್ಟಲು ಏಣಿ ಹತ್ತಿದ ನಮ್ಮ ಮನೆಯವರನ್ನು ತಂತಿಯ ಕೆಲಸದವರು ಕಾಲು ಹಿಡಿದು ಇಳಿಸಿದ್ದಾಯಿತು. ಮದುವೆಯಲ್ಲಿ ಅಳಿಯನಿಗೆ ಎತ್ತಿದ ತಟ್ಟೆಯಲ್ಲೇ ತಮಗೂ ಆರತಿ ಎತ್ತಿದ್ದಾಯಿತು. ಇಷ್ಟಕ್ಕೇ ನಿಂತಿದ್ದರೆ ನನ್ನದೇನೂ ತಕರಾರಿರಲಿಲ್ಲ. ಆದರೆ ನಮ್ಮ ಮನೆಯವರು ಯಾವ ಕೆಲಸವನ್ನೂ ಅರ್ಧಕ್ಕೆ ಬಿಡುವವರಲ್ಲ. ಕಾರ್ತಿಕದಲ್ಲಿ ದೀಪದಾನ ಮಾಡಿದರೆ ಪುಣ್ಯವೆಂದು ಬೇರೆಯವರು ಒಂದು ಹಣತೆ ಕೊಟ್ಟು ಕೈಮುಗಿಯುತ್ತಾರೆ. ಇವರು ಪುರೋಹಿತರನ್ನು ಕೂರಿಸಿ, ಸಂಕಲ್ಪ ಮಾಡಿ, ಅಂಗೈಯಿಂದ ನೀರು ಬಿಟ್ಟು, ಇನ್ನಿದು ನನ್ನದಲ್ಲವೆಂದು ಮೂರು ಸಲ ಹೇಳಿ, ಮನೆಯಲ್ಲಿದ್ದ ಎರಡು ಕಂಬದ ದೀಪ, ಮೂರು ಲಾಂದ್ರ, ಅಡಿಗೆಮನೆಯ ಬುಡ್ಡಿಗಳು, ನನ್ನ ತಾಯಿ ನನ್ನನ್ನು ಗಂಡನ ಮನೆಗೆ ಕಳಿಸುವಾಗ ಮಡಿಲಲ್ಲಿಟ್ಟಿದ್ದ ಹಿತ್ತಾಳೆಯ ಕೈದೀಪ, ಎಲ್ಲವನ್ನೂ ಬೀದಿಯ ಜನಕ್ಕೆ ಕೊಟ್ಟುಬಿಟ್ಟರು. ದೇವರ ಕೋಣೆಯ ನಂದಾದೀಪವೊಂದನ್ನು ಬಿಟ್ಟು ಇನ್ನು ಮೇಲೆ ಈ ಮನೆಯಲ್ಲಿ ಬೆಳಕಿಗಾಗಿ ಒಂದು ತೊಟ್ಟು ಎಣ್ಣೆ ಸುಡುವುದಿಲ್ಲವೆಂದು ಎಲ್ಲರೆದುರು ಮಾತು ಕೊಟ್ಟರು. ಜನ ಭೇಷ್ ಎಂದರು. ನಾನು ಅಡಿಗೆಮನೆಗೆ ಹೋಗಿ ಆ ಕೈದೀಪಕ್ಕಾಗಿ ಅತ್ತೆ.

ಕಾರ್ತಿಕದಿಂದ ಫಾಲ್ಗುಣದವರೆಗೆ ತಾವು ನಮ್ಮನ್ನು ಹೇಗೆ ನೋಡಿಕೊಂಡಿರೆಂಬುದನ್ನು ನಾನು ಮರೆಯಲಾರೆ. ಅಕ್ಕಿಯಲ್ಲಿ ಕಲ್ಲು ಕಂಡಿತು, ಸಾಲದೆಂಬಂತೆ ಮೂಲೆಯ ಜೇಡರಬಲೆಯೂ ಅತ್ತೆಯವರ ಕಾಲದ ಕೊಳೆಯೂ ಕಂಡವು. ಆಮೇಲೆ ಚೈತ್ರ ಬಂದು ಅಶ್ವಿನಿ ಮಳೆಯ ಮೊದಲ ಗಾಳಿ ಎದ್ದಿತು, ಮತ್ತು ತಮ್ಮ ಸ್ವಭಾವದ ನಿಜವಾದ ಸೂಕ್ಷ್ಮತೆ ನಮಗೆ ತಿಳಿಯಿತು. ನಮ್ಮ ಹಸು ಮಳೆಯ ವಾಸನೆ ಹಿಡಿದು ಕಿವಿ ನಿಮಿರಿಸುವುದಕ್ಕೆ ಮುಂಚೆಯೇ ತಾವು ಹಿಡಿದುಬಿಡುತ್ತೀರಿ. ಇನ್ನೂ ಹಿತ್ತಿಲ ಬಾಳೆಯೆಲೆ ಅಲುಗಿರುವುದಿಲ್ಲ, ತಾವು ಎರಡು ಸಲ ಕಣ್ಣು ಮಿಟುಕಿಸಿ, ಕೆಂಪಗಾಗಿ, ಸಭ್ಯರ ಮನೆಯಿಂದ ಹೇಳದೆ ಎದ್ದುಹೋಗುವ ನೆಂಟರ ಹಾಗೆ ಹೊರಟುಬಿಡುತ್ತೀರಿ. ಹೋದವರು ಎಲ್ಲಿಗೆ ಹೋಗುತ್ತೀರಿ, ಎಂದು ಬರುತ್ತೀರಿ, ಊಟಕ್ಕೆ ಕಾಯಬೇಕೋ ಬೇಡವೋ ಎಂಬ ಒಂದು ಮಾತಿಲ್ಲ. ನಮ್ಮ ಮನೆಯವರಂತೂ ತಮ್ಮ ಪರವಾಗಿಯೇ ವಾದಿಸುತ್ತಾ, ಇಷ್ಟು ದೂರದ ಜಲಪಾತದಿಂದ ಬರುವವರಿಗೆ ದಾರಿಯಲ್ಲಿ ವಿಶ್ರಾಂತಿ ಬೇಡವೇ ಎಂದು ಕತ್ತಲಲ್ಲಿ ಕುಳಿತು ನಮ್ಮನ್ನೇ ಕೇಳುತ್ತಿದ್ದರು.

ಒಂದು ಲಾಂದ್ರ ಕೊಂಡು ತಂದರೆ ಮುಗಿಯುತ್ತಿತ್ತು. ಆದರೆ ಕೊಂಡರೆ ಕೊಟ್ಟ ಮಾತು ತಪ್ಪಿದಂತೆ, ಕೊಟ್ಟದ್ದನ್ನು ಕೇಳಿದರೆ ದಾನವನ್ನು ಕಿತ್ತುಕೊಂಡ ಪಾಪ, ಮೇಲಾಗಿ ತಮಗೆ ಅವಮಾನ. ಅದರಿಂದ ದೀಪವೊಂದನ್ನು ಬಿಟ್ಟು ಉಳಿದ ಸಕಲ ಸಾಧನಗಳಿಂದಲೂ ಮನೆಯನ್ನು ಬಿರುಗಾಳಿಗೆ ಸಜ್ಜು ಮಾಡತಕ್ಕದ್ದೆಂದು ತೀರ್ಮಾನವಾಯಿತು. ಹೊಸ್ತಿಲುಗಳಿಗೆ, ಮೆಟ್ಟಿಲುಗಳಿಗೆ, ಒರಳುಕಲ್ಲಿಗೆ, ಕೊನೆಗೆ ಹಸುವಿನ ಎರಡು ಕೊಂಬಿಗೂ ಕತ್ತಲಲ್ಲಿ ಕಾಣಲೆಂದು ಸುಣ್ಣ ಬಳಿದರು. ನಡುಮನೆಯಿಂದ ಹಿತ್ತಿಲವರೆಗೆ ಸೊಂಟದೆತ್ತರಕ್ಕೆ ತೆಂಗಿನ ಹಗ್ಗ ಕಟ್ಟಿ, ಕವಲೊಡೆಯುವಲ್ಲೆಲ್ಲ ಗಂಟು ಹಾಕಿದರು: ಒಂದು ಗಂಟು ಸಿಕ್ಕಿದರೆ ಅಡಿಗೆಮನೆ, ಎರಡಾದರೆ ಬಚ್ಚಲು, ಮೂರಾದರೆ ಕೊಟ್ಟಿಗೆ. ಆಮೇಲೆ ಕವಾಯತು. ನಟ್ಟನಡುಹಗಲಲ್ಲಿ ನನ್ನ ಕಣ್ಣಿಗೆ ಪಂಚೆಯ ತುಂಡು ಕಟ್ಟಿ, ಹಗ್ಗ ಹಿಡಿದು ಹೋಗಿ ಒಲೆಯ ಮೇಲಿನ ಹಾಲು ಇಳಿಸಿ ಬರುವಂತೆ ಆಜ್ಞೆಯಾಯಿತು. ಹಾಲು ಇಳಿಸಿದೆ, ಅವರ ಪಾದದ ಮೇಲೆ. ಅಭ್ಯಾಸ ಸಾಲದೆಂದು ವರದಿಯಾಯಿತು.

ಈ ಹಗ್ಗದ ವ್ಯವಸ್ಥೆಯ ಮೊದಲ ಫಲಾನುಭವಿ ನಮ್ಮ ಬೀಗರಾದ ನರಸೀಪುರದ ಪ್ರಹ್ಲಾದರಾಯರು. ನಮ್ಮ ಮಗಳು ಚಂಪಕ ಅವರ ಸೊಸೆ. ಏಳು ತಿಂಗಳು ತುಂಬಿ ಬಾಣಂತನಕ್ಕೆ ನಮ್ಮಲ್ಲಿಗೆ ಬಂದಿದ್ದಳು, ಅವಳನ್ನು ನೋಡಿಹೋಗಲು ಅವರು ಬಂದಿದ್ದ ದಿನವೇ ತಾವು ಎದ್ದುಹೋದಿರಿ. ಕೈಕಾಲು ತೊಳೆಯಲು ಬಚ್ಚಲಿಗೆ ಹೊರಟ ಆ ದೊಡ್ಡ ಮನುಷ್ಯರು ಹಗ್ಗ ಹಿಡಿದು, ಗಂಟು ಎಣಿಸಿ, ಒಂದು ಹೆಚ್ಚಾಗಿ ಎಣಿಸಿ, ಹಸುವಿನ ಬಾನಿಯೊಳಗೆ ಮೊಣಕಾಲುದ್ದ ಕಲಗಚ್ಚಿನಲ್ಲಿ ನಿಂತರು. ಎದುರಿಗೆ ಕತ್ತಲಲ್ಲಿ ಎರಡು ಬಿಳಿಯ ಕೊಂಬು ಮಾತ್ರ ತೇಲುತ್ತಿದ್ದುದನ್ನು ಕಂಡು ಅವರು ಯಾವ ಸ್ತೋತ್ರ ಹೇಳಿದರೆಂಬುದನ್ನು ಬೀಗತನದ ಮರ್ಯಾದೆಗಾಗಿ ಇಲ್ಲಿ ಬರೆಯುವುದಿಲ್ಲ. ಒಳಗೆ ಬಂದ ಮೇಲೆ ಮಾತ್ರ ‘ನಮ್ಮೂರಲ್ಲಿ ಇನ್ನೂ ಕರೆಂಟು ಬಂದಿಲ್ಲ ನೋಡಿ, ಅದಕ್ಕೇ ಬಚ್ಚಲು ಯಾವುದು ಕೊಟ್ಟಿಗೆ ಯಾವುದು ಅಂತ ಕಾಣುತ್ತೆ’ ಎಂದು ಹೇಳಿ, ಹೆರಿಗೆ ನರಸೀಪುರದಲ್ಲೇ ಆಗಲಿ, ಸೊಸೆಯನ್ನು ಗಾಡಿಯಲ್ಲಿ ಕರೆದೊಯ್ಯುತ್ತೇನೆಂದು ಹಠ ಹಿಡಿದರು.

ಇಲ್ಲಿ ಒಂದು ವಿಷಯವನ್ನು ತಮಗೆ ತಿಳಿಸಬೇಕು, ಇದರಲ್ಲಿ ತಮಾಷೆಯೇನೂ ಇಲ್ಲ. ಎರಡು ವರ್ಷದ ಹಿಂದೆ ಚಂಪಕನಿಗೆ ನರಸೀಪುರದಲ್ಲಿ ಒಂದು ಗಂಡುಮಗು ಹುಟ್ಟಿತ್ತು; ಕರುಳಬಳ್ಳಿ ಕೊರಳಿಗೆ ಸುತ್ತಿದ್ದದ್ದನ್ನು ಯಾರೂ ಹೊತ್ತಿಗೆ ಸರಿಯಾಗಿ ನೋಡಲಿಲ್ಲ, ಮಗು ಅಳಲೇ ಇಲ್ಲ. ಆಮೇಲೆ ನನ್ನ ಮಗಳು ಮೂರು ತಿಂಗಳು ಸರಿಯಾಗಿ ಮಾತಾಡಲಿಲ್ಲ. ಈ ಸಲ ಅವಳು ನನ್ನ ಹತ್ತಿರವೇ ಇರಬೇಕೆಂದು ಪಟ್ಟು ಹಿಡಿದವಳು ನಾನು. ನಮ್ಮ ಮನೆಯವರೂ ಅದೇ ಕಾರಣಕ್ಕೆ, ಮಗಳ ಮೇಲಿನ ಪ್ರೀತಿಗೇ, ಬೀಗರೆದುರು ಎದ್ದುನಿಂತು, ನಮ್ಮ ಮೊಮ್ಮಗು ವಿದ್ಯುದ್ದೀಪದ ಬೆಳಕಿನಲ್ಲಿ ಹುಟ್ಟುತ್ತದೆ, ಸೂಜಿ ಬಿದ್ದರೂ ಕಾಣುವಂಥ ಬೆಳಕಿನಲ್ಲಿ ಹುಟ್ಟುತ್ತದೆಂದು ಮಾತು ಕೊಟ್ಟರು. ತಮ್ಮನ್ನು ಒಂದು ಮಾತು ಕೇಳದೆ ತಮ್ಮ ಪರವಾಗಿ ಮಾತು ಕೊಟ್ಟದ್ದು ಅವರ ತಪ್ಪು.

ನಾನು ತಮ್ಮನ್ನೂ ನಂಬಲಿಲ್ಲ, ಹಗ್ಗವನ್ನೂ ನಂಬಲಿಲ್ಲ. ಹೆಮ್ಮರಗಾಲದಲ್ಲಿರುವ ನನ್ನ ತಮ್ಮನಿಗೆ ಹೇಳಿಕಳಿಸಿ, ಹುಣಸೆಹಣ್ಣಿನ ಚೀಲದೊಳಗೆ ಬಚ್ಚಿಟ್ಟು ಒಂದು ಹೊಸ ಲಾಂದ್ರ ತರಿಸಿಕೊಂಡು, ಎಣ್ಣೆ ತುಂಬಿ, ಬತ್ತಿ ಕತ್ತರಿಸಿ, ಭತ್ತದ ವಾಡೆಯೊಳಗೆ ಹೂತಿಟ್ಟೆ. ಅದನ್ನು ದಿನಕ್ಕೊಂದು ಸಲ ಕೈಯಾಡಿಸಿ ಮುಟ್ಟಿ ನೋಡುತ್ತಿದ್ದೆ. ವೈಶಾಖ ಹುಟ್ಟಿದ ಮೇಲೆ ಬಾಣಂತಿಯ ಕೋಣೆ ಸಾರಿಸುವುದು, ಹಳೆಯ ಸೀರೆ ಒಗೆದಿಡುವುದು, ಖಾರದ ಪುಡಿ ಕುಟ್ಟುವುದು, ಈ ಕೆಲಸಗಳಲ್ಲಿ ಒಂದು ವಾರ ಅತ್ತ ತಲೆಹಾಕಲಿಲ್ಲ. ಅದು ನನ್ನ ತಪ್ಪು.

ಈಗ ಶುದ್ಧ ದಶಮಿಯ ಸಂಜೆಗೆ ಬರುತ್ತೇನೆ. ತಾವೂ ಬಂದಿದ್ದಿರಿ, ಸ್ವಲ್ಪ ಹೊತ್ತು. ಮಧ್ಯಾಹ್ನದಿಂದ ಚಂಪಕನಿಗೆ ನೋವು ಕಾಣಿಸಿಕೊಂಡು, ಸೂಲಗಿತ್ತಿ ಚಿನ್ನಮ್ಮ ಬಂದು ಕುಳಿತಿದ್ದಳು. ಬಾಣಂತಿಯ ಕೋಣೆಯ ಬಾಗಿಲು ನಡುಮನೆಗೇ ಇರುವುದರಿಂದ ತಮ್ಮ ಬೆಳಕು ನೇರವಾಗಿ ಹಾಸಿಗೆಯ ಮೇಲೆ ಬೀಳುತ್ತಿತ್ತು, ನಮ್ಮ ಮನೆಯವರು ಹೊರಗೆ ಜಪಮಣಿ ಹಿಡಿದು ತಮ್ಮ ಮುಖವನ್ನೇ ನೋಡುತ್ತಿದ್ದರು. ದೀಪ ಹಚ್ಚುವ ಹೊತ್ತಿಗೆ ಹೊಳೆಯ ಕಡೆಯಿಂದ ಮರಳು ಎದ್ದು, ಹೆಂಚುಗಳು ಗಲಗಲನೆ ಅಲುಗಿ, ಭರಣಿ ಮಳೆ ಆನೆಕಲ್ಲಿನ ಸಮೇತ ಸುರಿಯಲು ಸುರುವಾಯಿತು. ತಾವು ಎರಡು ಸಲ ಕಣ್ಣು ಮಿಟುಕಿಸಿದಿರಿ. ನಾನು ತಮಗೆ ಕೈಮುಗಿದೆ, ಸುಳ್ಳೇಕೆ ಹೇಳಲಿ, ಆ ಕ್ಷಣ ನಿಜವಾಗಿ ಮುಗಿದೆ. ತಾವು ಹೋದಿರಿ.

ಚಿನ್ನಮ್ಮ ಕತ್ತಲೊಳಗಿಂದ ‘ಅವ್ವಾ, ಕೈಗೆ ಏನ್ ಸಿಕ್ತದೆ ಅಂತ ಕಣ್ಗೂ ಕಾಣ್ಬೇಕಲ್ಲ, ಬಿರ್ನೆ ಒಂದ್ ಬುಡ್ಡಿ ತತ್ತನ್ನಿ’ ಎಂದು ಕೂಗಿದಳು. ನಾನು ವಾಡೆಗೆ ಓಡಿ, ಭುಜದವರೆಗೆ ಕೈ ತೂರಿಸಿ, ತಳ ಬಗೆದೆ. ಭತ್ತ, ಭತ್ತ, ಬರೀ ಭತ್ತ. ನಾನು ಏನು ಹುಡುಕುತ್ತಿದ್ದೇನೆಂದು ತಿಳಿದ ನಮ್ಮ ಮನೆಯವರು ಹಿಂದಿನಿಂದ ಮೆಲ್ಲಗೆ, ಅಕ್ಷಯ ತದಿಗೆಯ ದಿನ ದಾನಕ್ಕೆ ಭತ್ತ ಅಳೆಯುವಾಗ ವಾಡೆಯಲ್ಲಿ ಒಂದು ಲಾಂದ್ರ ಸಿಕ್ಕಿತೆಂದೂ, ಕಾರ್ತಿಕದಲ್ಲಿ ಕೊಡುವಾಗ ಕಣ್ತಪ್ಪಿ ಉಳಿದದ್ದಿರಬೇಕೆಂದು ತಿಳಿದು ಅದನ್ನೂ ಗಾಡಿಯ ರಾಚಯ್ಯನ ಮನೆಗೆ ನೀರುಬಿಟ್ಟು ಕೊಟ್ಟೆನೆಂದೂ ಹೇಳಿದರು. ಮೂವತ್ತೊಂದು ವರ್ಷದಲ್ಲಿ ಮೊದಲ ಸಲ ನಾನು ಅವರನ್ನು ಏಕವಚನದಲ್ಲಿ ಬಯ್ದೆ. ಅವರು ದೇವರ ಕೋಣೆಗೆ ಹೋಗಿ, ಮಡಿಯಿಲ್ಲ ಮೈಲಿಗೆಯಿಲ್ಲ, ನಂದಾದೀಪವನ್ನೇ ಕಿತ್ತು ತಂದರು; ತೊಟ್ಟಿಯಿಂದ ನುಗ್ಗಿದ ಗಾಳಿ ಅದನ್ನು ಮೂರನೆಯ ಹೆಜ್ಜೆಗೆ ನಂದಿಸಿತು, ಮತ್ತೆ ಹಚ್ಚಿದರೂ ನಿಲ್ಲಗೊಡಲಿಲ್ಲ. ಒಲೆಯ ಕೊಳ್ಳಿ ತಂದರೆ ಹೊಗೆಗೆ ಚಂಪಕ ಉಸಿರುಕಟ್ಟಿ ಕೆಮ್ಮಿದಳು. ಅವರು ಕೊಳ್ಳಿಯನ್ನು ಅಂಗಳದ ನೀರಿಗೆ ಎಸೆದು, ಬರಿಗಾಲಿನಲ್ಲಿ, ಉತ್ತರೀಯವನ್ನು ತಲೆಗೆ ಹಾಕಿಕೊಂಡು ಬೀದಿಗಿಳಿದರು.

ಮುಂದಿನದು ರಾಚಯ್ಯನ ಹೆಂಡತಿ ಚಿಕ್ಕಬಸಮ್ಮ ಆಮೇಲೆ ನನಗೆ ಹೇಳಿದ್ದು. ರಾಚಯ್ಯ ಗಾಡಿ ಹೊಡೆದುಕೊಂಡು ಹುಲ್ಲಹಳ್ಳಿಗೆ ಹೋಗಿದ್ದ, ಅವಳೊಬ್ಬಳೇ ಇದ್ದಳು. ಬಾಗಿಲು ತೆಗೆದರೆ, ತಾಲ್ಲೂಕನ್ನೇ ನಡುಗಿಸಿದ ಶಿರಸ್ತೇದಾರರು ಮಳೆಯಲ್ಲಿ ನಿಂತು, ಉಪನಯನದ ದಿನ ತಾಯಿಯ ಮುಂದೆ ಒಡ್ಡಿದ ಹಾಗೆ ಉತ್ತರೀಯ ಒಡ್ಡಿ, ‘ತಾಯಿ, ಬೆಳಕು ಕೊಡಮ್ಮ’ ಎನ್ನುತ್ತಿದ್ದಾರೆ. ಸಂಜೆಯ ದೀಪ ಹಚ್ಚಿದ ಮೇಲೆ ಮನೆಯಿಂದ ಬೆಂಕಿಯನ್ನಾಗಲಿ ದೀಪವನ್ನಾಗಲಿ ಹೊರಗೆ ಕೊಡಬಾರದು, ಕೊಟ್ಟರೆ ಆ ಮನೆಯ ಲಕ್ಷ್ಮಿ ಅದರ ಜೊತೆಗೇ ಹೊರಟುಹೋಗುತ್ತಾಳೆ ಎಂಬುದು ನಮ್ಮ ಬೀದಿಯಲ್ಲಿ ಎಲ್ಲರೂ ನಡೆಸಿಕೊಂಡು ಬಂದದ್ದು. ಹಿಂದೊಮ್ಮೆ ಕೆಂಡ ಕೇಳಲು ಬಂದ ಇದೇ ಚಿಕ್ಕಬಸಮ್ಮನಿಗೆ ಜಗಲಿಯ ಮೇಲಿಂದ ಅದನ್ನು ವಿವರಿಸಿ ಬರಿಗೈಯಲ್ಲಿ ಕಳಿಸಿದವರೂ ನಮ್ಮ ಮನೆಯವರೇ. ಅವಳು ‘ದೀಪ ಅಚ್ಚಾದ್ ಮ್ಯಾಲೆ ಬೆಳಕ ಕೊಡಂಗಿಲ್ಲ ಕಣ್ ಸ್ವಾಮಿ. ಕೊಡಾಕಿಲ್ಲ ಅಂದ್ರೆ ತರಾಕಿಲ್ಲ ಅಂತಲ್ಲ. ನಡೀರಿ, ನಾನೇ ಇಡ್ಕೊಂಡ್ ಬತ್ತೀನಿ’ ಎಂದವಳೇ, ಲಾಂದ್ರದ ಮೇಲೆ ಮೊರ ಮರೆಮಾಡಿಕೊಂಡು ಅವರಿಗಿಂತ ಮುಂದೆ ಹೆಜ್ಜೆ ಹಾಕಿದಳಂತೆ.

ಇಪ್ಪತ್ತು ವರ್ಷಗಳಿಂದ ನಮ್ಮ ಜಗಲಿ ದಾಟದವಳು ಅಂದು ನೇರವಾಗಿ ಬಾಣಂತಿಯ ಕೋಣೆಗೆ ಬಂದಳು. ಬಂದವಳು ಲಾಂದ್ರವನ್ನು ನೆಲಕ್ಕಿಡಲಿಲ್ಲ. ಇಟ್ಟರೆ ಅದು ನಮ್ಮ ಮನೆಯಲ್ಲಿ ಬಿಟ್ಟಂತೆ, ಬಿಟ್ಟರೆ ಕೊಟ್ಟಂತೆ. ತನ್ನ ಕೈಯಲ್ಲಿರುವವರೆಗೆ ಅದು ತನ್ನ ಮನೆಯ ಬೆಳಕೇ ಎಂದು ಅವಳ ಲೆಕ್ಕ. ಮೊಳೆ ತೋರಿಸಿದೆ, ಬೇಡವೆಂದಳು. ಐದು ಗಳಿಗೆಗೂ ಮಿಕ್ಕಿ, ಬಲಗೈ ಸೋತರೆ ಎಡಗೈಗೆ, ಎಡಗೈ ಸೋತರೆ ಬಲಗೈಗೆ ಬದಲಾಯಿಸುತ್ತಾ ನಿಂತೇ ಇದ್ದಳು. ಒದ್ದೆ ಸೀರೆಯಿಂದ ನೀರು ಇಳಿದು ಅವಳ ಕಾಲ ಕೆಳಗೆ ಮಡುಗಟ್ಟಿತ್ತು. ಮಗುವಿನ ತಲೆ ಕಂಡಾಗ ಚಿನ್ನಮ್ಮ ಕೇಳುವುದಕ್ಕೆ ಮುಂಚೆಯೇ ಬಗ್ಗಿ ಬೆಳಕನ್ನು ಹತ್ತಿರ ಹಿಡಿದಳು. ಮತ್ತೆ ಕೊರಳಿಗೆ ಬಳ್ಳಿ. ನಾನೂ ನೋಡಿದೆ, ಎರಡು ಸುತ್ತು. ಚಿನ್ನಮ್ಮ ಬೆರಳು ತೂರಿಸಿ ಒಂದು ಸುತ್ತು ಬಿಡಿಸಿದಳು, ಇನ್ನೊಂದನ್ನೂ ಬಿಡಿಸಿದಳು, ಬೆನ್ನು ತಟ್ಟಿದಳು, ಮತ್ತೂ ತಟ್ಟಿದಳು. ಮಗು ಅತ್ತಿತು. ನಾನು ಗೋಡೆಗೆ ಒರಗಿ ಕುಳಿತೆ.

ಆಗ, ಮಾನ್ಯರೇ, ತಾವು ಬಂದಿರಿ. ಗಾಳಿ ನಿಂತಿತ್ತು, ಮಳೆ ನಿಂತಿತ್ತು, ಬಳ್ಳಿ ಬಿಡಿಸಿಯಾಗಿತ್ತು, ಮಗು ಅತ್ತಾಗಿತ್ತು. ಇನ್ನು ಯಾವ ಕೆಲಸವೂ ಉಳಿದಿಲ್ಲವೆಂದು ಖಚಿತವಾದ ಮೇಲೆ ತಾವು ಸರ್ವಾಂಗ ಸುಂದರವಾಗಿ ಬೆಳಗಿದಿರಿ. ಕೋಣೆಯ ಹೊರಗಿದ್ದ ನಮ್ಮ ಮನೆಯವರಿಗೆ ಮಗುವಿನ ಅಳುವೂ ತಮ್ಮ ಬೆಳಕೂ ಒಟ್ಟಿಗೇ ಸಿಕ್ಕಿದವು. ಅವರು ಎರಡೂ ಕೈ ಎತ್ತಿ ತಮಗೆ ಮುಗಿದರು. ಬೆಳಕು ಬಂದಾಗ ಕೈಮುಗಿಯುವುದು ರೂಢಿಯಾದ್ದರಿಂದ ನಾನೂ ಮುಗಿದೆ, ಚಿನ್ನಮ್ಮನೂ ಮುಗಿದಳು, ಹಾಸಿಗೆಯ ಮೇಲಿಂದ ಚಂಪಕನೂ ಮುಗಿದಳು. ಕೈ ಖಾಲಿಯಿಲ್ಲದ ಕಾರಣ ಮುಗಿಯದವಳು ಚಿಕ್ಕಬಸಮ್ಮ ಒಬ್ಬಳೇ. ಅವಳು ಬತ್ತಿ ತಗ್ಗಿಸಿ, ‘ಬತ್ತೀನ್ರವ್ವ, ಬಾಗ್ಲು ತೆರ‍್ದಿಟ್ ಬಂದಿವ್ನಿ’ ಎಂದು ಹಿತ್ತಿಲ ಬಾಗಿಲಿಂದ ಹೋದಳು. ಯಾರೂ ಅವಳಿಗೆ ಒಂದು ಲೋಟ ಬಿಸಿನೀರು ಕೊಡಲಿಲ್ಲ. ನಾನೂ ಕೊಡಲಿಲ್ಲ, ಅದು ನೆನಪಾದಾಗಲೆಲ್ಲ ನನಗೆ ನಾಚಿಕೆಯಾಗುತ್ತದೆ.

ತಾವು ಹೋದದ್ದಕ್ಕಲ್ಲ ನನ್ನ ದೂರು, ಬಂದದ್ದಕ್ಕೆ. ಮಾರನೆಯ ಬೆಳಿಗ್ಗೆ ನಮ್ಮ ಮನೆಯವರು ನರಸೀಪುರಕ್ಕೆ ಹಾಕಿದ ಕಾರ್ಡಿನಲ್ಲಿ ‘ಹೆಣ್ಣುಮಗು, ವಿದ್ಯುದ್ದೀಪದ ಪ್ರಕಾಶದಲ್ಲಿ, ತಾಯಿ ಮಗು ಕ್ಷೇಮ’ ಎಂದಿತ್ತು. ಅವರು ಸುಳ್ಳುಗಾರರಲ್ಲ. ಆ ಸಂಜೆ ಒಡ್ಡಿದ ಉತ್ತರೀಯ ಇನ್ನೂ ಹಗ್ಗದ ಮೇಲೆ ಒಣಗುತ್ತಿರುವಾಗಲೇ ಅವರಿಗೆ ತಮ್ಮ ಪ್ರಕಾಶವಷ್ಟೇ ಜ್ಞಾಪಕದಲ್ಲಿ ಉಳಿಯಿತು, ಅಷ್ಟೆ; ಮೂವತ್ತು ವರ್ಷ ಕಡತದ ಕೊನೆಯ ಪುಟವನ್ನು ನೋಡಿ ರುಜು ಹಾಕಿದವರು. ಹತ್ತು ದಿನಗಳಿಂದ ಬೀದಿಯೆಲ್ಲ ಅದೇ ಮಾತು. ಇಂದು ಹನ್ನೊಂದನೆಯ ದಿನ, ಪುಣ್ಯಾಹ ಆಗಿದೆ, ಸಂಜೆ ಮಗುವನ್ನು ತೊಟ್ಟಿಲಿಗೆ ಹಾಕಿ ಹೆಸರಿಡುತ್ತೇವೆ. ಪ್ರಹ್ಲಾದರಾಯರು ಸಂಸಾರ ಸಮೇತ ಬರುತ್ತಾರೆ. ಅವರೆಲ್ಲರೆದುರು ನಮ್ಮ ಮನೆಯವರು ತಮ್ಮ ಗುಣಗಾನ ಮಾಡುವವರಿದ್ದಾರೆ, ನಿನ್ನೆಯಿಂದ ಬಾಯಿಪಾಠ ಮಾಡುತ್ತಿದ್ದಾರೆ. ಚಿಕ್ಕಬಸಮ್ಮನನ್ನೂ ಕರೆದಿದ್ದೇವೆ, ಜಗಲಿಯ ಮೇಲೆ ಎಲೆ ಅಡಿಕೆ ಕೊಟ್ಟು ಕಳಿಸತಕ್ಕದ್ದೆಂದು ಅಪ್ಪಣೆಯಾಗಿದೆ.

ಆದ್ದರಿಂದ ತಮ್ಮಲ್ಲಿ ನನ್ನ ಬಿನ್ನಹವೇನೆಂದರೆ, ಮುಂದೆ ತಾವು ಹೋಗುವುದಾದರೆ ಎರಡು ತಿಥಿ ಮುಂಚಿತವಾಗಿ, ಮಾವಿನಕಾಯಿ ಉಪ್ಪಿನಕಾಯಿ ಹಾಕುವ ದಿನಗಳನ್ನು ಬಿಟ್ಟು, ತಿಳಿಸಿ ಹೋಗುವ ಕೃಪೆ ಮಾಡಬೇಕು. ಗಾಳಿಗೆ ಅಂಜುವ ಸ್ವಭಾವವಾದರೆ ಗಾಳಿಯಿಲ್ಲದ ಊರಿಗೆ ವರ್ಗಾವಣೆ ಕೇಳಿಕೊಳ್ಳಬಹುದು, ಅರ್ಜಿಯನ್ನು ನಮ್ಮ ಮನೆಯವರು ಬಹಳ ಚೆನ್ನಾಗಿ ಬರೆದುಕೊಡುತ್ತಾರೆ. ಇವು ಯಾವುದೂ ಆಗದಿದ್ದರೆ ಇದೊಂದನ್ನಾದರೂ ನಡೆಸಿಕೊಡಿ. ಇಂದು ಸಂಜೆ ಅವರು ಎದ್ದುನಿಂತು ಈ ಮಗು ತಮ್ಮ ಬೆಳಕಿನಲ್ಲಿ ಹುಟ್ಟಿತೆಂದು ಹೇಳುವಾಗ, ಮಾನವಂತರಾದ ತಾವು ಅದನ್ನು ಕೇಳಿ ಸುಮ್ಮನಿರಲಾರಿರಿ ಎಂದು ನಂಬಿದ್ದೇನೆ. ಗಾಳಿಯಿಲ್ಲ, ಮಳೆಯಿಲ್ಲ, ಆದರೂ ನನಗಾಗಿ ಒಂದೇ ಒಂದು ಸಲ, ನಾಲ್ಕು ಉಸಿರಿನಷ್ಟು ಹೊತ್ತು, ನಾಚಿಕೆಯಿಂದ ಆರಬೇಕು. ಇಷ್ಟು ದಿನ ಬೇಡದಾಗ ನೂರು ಸಲ ಆರಿದ ತಮಗೆ ಇದು ಕಷ್ಟವಾಗಲಾರದು.

ತಾವಿದ್ದಾಗಲೂ ಇಲ್ಲದಾಗಲೂ ಒಂದೇ ತೆರನಾಗಿ ಅಡಿಗೆ ಮಾಡುವ,
ತಮ್ಮ ವಿಶ್ವಾಸಿ,
ಜಾನಕಮ್ಮ

ಮರುದಿನ ಸೇರಿಸಿದ ಮಾತು: ತಾವು ಆರಲಿಲ್ಲ. ನಮ್ಮ ಮನೆಯವರು ಬೀಗರೆದುರು ಎದ್ದು, ಗಂಟಲು ಸರಿಮಾಡಿಕೊಂಡು, ‘ಈ ಶಿಶುವು ಜನಿಸಿದ್ದು’ ಎಂದು ತೊಡಗಿ ತಮ್ಮ ಕಡೆ ಕೈತೋರಿದರು. ತಾವು ಎಂದಿಗಿಂತಲೂ ಹೆಚ್ಚು ಬೆಳ್ಳಗೆ ಹೊಳೆದಿರಿ. ಆರತಿಗೆ ಇನ್ನೂ ಬತ್ತಿ ಹಚ್ಚಿರಲಿಲ್ಲ. ತಮ್ಮ ಗುಂಡಿಯನ್ನು ಅವರ ಹೊರತು ಮನೆಯಲ್ಲಿ ಯಾರೂ ಮುಟ್ಟುವಂತಿಲ್ಲ. ನಾನು ತೊಟ್ಟಿಲ ಪಕ್ಕದಿಂದ ಎದ್ದುಹೋಗಿ ಅದನ್ನು ಒತ್ತಿಬಿಟ್ಟೆ. ಶುಭಕಾರ್ಯದಲ್ಲಿ ದೀಪ ಆರಿತೆಂದು ಹೆಂಗಸರು ಕೂಗಿದರು. ನಾನು ಆ ಕತ್ತಲಲ್ಲೇ, ಮಗುವಿನ ಪ್ರಾಣ ಉಳಿಸಿದ ಬೆಳಕು ಜಗಲಿಯ ಮೇಲೆ ಕೂತಿದೆ, ಒಳಗೆ ಬಾ ಚಿಕ್ಕಬಸಮ್ಮ ಎಂದು ಗಟ್ಟಿಯಾಗಿ ಕರೆದೆ. ಅವಳು ಮನೆಗೆ ಹೋಗುವ ದಾರಿಗೆಂದು ತಂದಿದ್ದ ಲಾಂದ್ರ ಹಿಡಿದು ಬಂದು ಹೊಸ್ತಿಲಲ್ಲಿ ನಿಂತಳು, ಮುಂದೆ ಬರಲಿಲ್ಲ. ಆಗ ನಮ್ಮ ಮನೆಯವರು ಕೆಮ್ಮಿ, ‘ನನ್ನ ಹೇಳಿಕೆಯಲ್ಲಿ ಒಂದು ತಿದ್ದುಪಡಿ ಇದೆ’ ಎಂದರು. ಮೊದಲಿಂದ ಕೊನೆಯವರೆಗೆ ಹೇಳಿದರು, ಉತ್ತರೀಯ ಒಡ್ಡಿದ್ದನ್ನೂ ಬಿಡಲಿಲ್ಲ. ಹೇಳಿ ಮುಗಿಸಿ ಅವರೇ ಹೊಸ್ತಿಲವರೆಗೆ ಹೋಗಿ ಅವಳನ್ನು ತೊಟ್ಟಿಲ ಬಳಿಗೆ ಕರೆತಂದರು. ಪ್ರಹ್ಲಾದರಾಯರು ಮೊಮ್ಮಗಳ ಮುಖವನ್ನು ಆ ಬೆಳಕಿನಲ್ಲೇ ನೋಡಿ ಕಣ್ಣೊರೆಸಿಕೊಂಡರು. ತಮ್ಮನ್ನು ಮತ್ತೆ ಹೊತ್ತಿಸಬೇಕೆಂದು ಊಟದ ಹೊತ್ತಿನವರೆಗೂ ಯಾರಿಗೂ ನೆನಪಾಗಲಿಲ್ಲ. ಇನ್ನು ಮುಂದೆ ತಾವು ಎದ್ದುಹೋಗಲು ಬಿರುಗಾಳಿಗಾಗಿ ಕಾಯುವ ಶ್ರಮ ತೆಗೆದುಕೊಳ್ಳಬೇಡಿ. ತಮ್ಮನ್ನು ಕಳಿಸಿಕೊಡಲು ನನ್ನ ಒಂದು ಬೆರಳು ಸಾಕೆಂದು ಈಗ ಇಬ್ಬರಿಗೂ ಗೊತ್ತಾಗಿದೆ.